34 ಕೋಟಿ ಪುಟ, 14 ಹೆಸರು

ಅಪ್ಪ, ಅಮ್ಮ ಇಬ್ಬರು. ಅವರನ್ನು ಹೆತ್ತವರು ನಾಲ್ವರು. ಆ ನಾಲ್ವರನ್ನು ಹೆತ್ತವರು ಎಂಟು ಮಂದಿ. ಮೂರೇ ತಲೆಮಾರು, ಒಟ್ಟು 14 ಜನ. ಒಂದು ಕಾಗದ ತೆಗೆದುಕೊಂಡು ಅವರ ಹೆಸರು ಬರೆಯಲು ಕುಳಿತು ನೋಡಿ. ಆರನೆಯ ಹೆಸರಿನವರೆಗೆ ಪೆನ್ನು ತಡೆಯಿಲ್ಲದೆ ಓಡುತ್ತದೆ. ಏಳನೆಯದಕ್ಕೆ ನಿಧಾನವಾಗುತ್ತದೆ. ಹತ್ತು ದಾಟಿದರೆ ನಿಮ್ಮ ಮನೆಯಲ್ಲಿ ಯಾರೋ ಹಿರಿಯರು ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆ ಎಂದೇ ಅರ್ಥ.

ಮಹಾಲಯ ಅಮಾವಾಸ್ಯೆಯಂದು ತರ್ಪಣ ಬಿಡುವ ಮನೆಗಳಲ್ಲೂ ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಹೇಳುವುದು 12 ಹೆಸರು. ಅಪ್ಪ, ಅಜ್ಜ, ಮುತ್ತಜ್ಜ. ಅಮ್ಮ, ಅಪ್ಪನ ಅಮ್ಮ, ಅಜ್ಜನ ಅಮ್ಮ. ಅಮ್ಮನ ಅಪ್ಪ, ಅವರ ಅಪ್ಪ, ಅವರ ಅಜ್ಜ. ಕೊನೆಗೆ ಈ ಮೂವರ ಹೆಂಡತಿಯರು. ಕೂಡಿ ಕಳೆದು ನೋಡಿದರೆ ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರಲ್ಲಿ ನಾಲ್ವರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅಪ್ಪನ ತಾಯಿಯನ್ನು ಹೆತ್ತವರಿಲ್ಲ, ಅಮ್ಮನ ತಾಯಿಯನ್ನು ಹೆತ್ತವರಿಲ್ಲ. ಅಜ್ಜಿಯರ ತವರು ಮೂರನೆಯ ತಲೆಮಾರಿಗೇ ಅಳಿಸಿಹೋಗಿರುತ್ತದೆ.

ಇನ್ನೂ ಹಿಂದಕ್ಕೆ ಹೋದಂತೆ ಪ್ರತಿ ಮೆಟ್ಟಿಲಿಗೂ ಸಂಖ್ಯೆ ದುಪ್ಪಟ್ಟಾಗುತ್ತದೆ. ಹತ್ತನೆಯ ತಲೆಮಾರಿನಲ್ಲಿ 1,024 ಜನ. ಇಪ್ಪತ್ತನೆಯದರಲ್ಲಿ 10,48,576. ಮೂವತ್ತನೆಯದರಲ್ಲಿ 107 ಕೋಟಿ! ತಲೆಮಾರಿಗೆ 25 ವರ್ಷ ಹಿಡಿದರೆ ಮೂವತ್ತು ತಲೆಮಾರಿಗೆ 750 ವರ್ಷ; ಸೋಮನಾಥಪುರದ ಕೇಶವ ದೇವಾಲಯದ ಕಲ್ಲು ಇನ್ನೂ ಹೊಸದಾಗಿದ್ದ ಕಾಲ. ಆಗ ಇಡೀ ಭೂಮಿಯ ಮೇಲೆ 50 ಕೋಟಿ ಜನರೂ ಇರಲಿಲ್ಲ. ಲೆಕ್ಕವೇನೂ ತಪ್ಪಿಲ್ಲ. ಒಬ್ಬನೇ ಪೂರ್ವಜ ನಮ್ಮ ವಂಶವೃಕ್ಷದ ಹತ್ತಾರು ಕೊಂಬೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ, ಅಷ್ಟೆ. ಸಾಕಷ್ಟು ಹಿಂದಕ್ಕೆ ನಡೆದರೆ ನನ್ನ ಹಿರಿಯರೂ ಈ ಬರಹ ಓದುತ್ತಿರುವ ನಿಮ್ಮ ಹಿರಿಯರೂ ಒಂದೇ ಜಗಲಿಯಲ್ಲಿ ಕೂತಿರುತ್ತಾರೆ.

ಇಷ್ಟು ಜನರಲ್ಲಿ ಯಾರಾದರೂ ಎಲ್ಲಾದರೂ ಕಾಗದದ ಮೇಲೆ ಉಳಿದಿರಬಹುದೇ? ಈ ಪ್ರಶ್ನೆ ಹಿಡಿದುಕೊಂಡೇ ನಾನು ನೋಯ್ಡಾದಲ್ಲಿ ಮೆಟ್ರೋ ಹತ್ತಿ, ರಾಜೀವ್ ಚೌಕ್‌ನಲ್ಲಿ ಬದಲಿಸಿ, ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದು ಜನಪಥಕ್ಕೆ ನಡೆದದ್ದು.

ಓದಿ ಮುಗಿಸಲು 1,940 ವರ್ಷ

ಜನಪಥದಲ್ಲಿರುವುದು ಭಾರತದ ರಾಷ್ಟ್ರೀಯ ಪತ್ರಾಗಾರ. 1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂಬ ಹೆಸರಿನಲ್ಲಿ ಇದು ಶುರುವಾಯಿತು. ರಾಜಧಾನಿ ದೆಹಲಿಗೆ ಬಂದ ಮೇಲೆ ಎಡ್ವಿನ್ ಲುಟ್ಯೆನ್ಸ್ ವಿನ್ಯಾಸದ ಕಟ್ಟಡ 1926ರಲ್ಲಿ ಸಿದ್ಧವಾಯಿತು. ಕಲ್ಕತ್ತೆಯ ದಾಖಲೆಗಳೆಲ್ಲ ಬಂದು ಸೇರುವಷ್ಟರಲ್ಲಿ 1937 ಆಗಿತ್ತು. ಇಲ್ಲಿನ ಸರ್ಕಾರಿ ದಾಖಲೆಗಳ ಸಾಲು 1748ರಿಂದ ಆರಂಭವಾಗುತ್ತದೆ. ಅಲ್ಲಿಂದ ಇಲ್ಲಿಗೆ ಸುಮಾರು 11 ತಲೆಮಾರು. ನಮ್ಮ ದುಪ್ಪಟ್ಟಿನ ಲೆಕ್ಕದಲ್ಲಿ ಹನ್ನೊಂದು ತಲೆಮಾರಿಗೆ ಒಬ್ಬೊಬ್ಬರಿಗೂ ಒಟ್ಟು 4,094 ಪೂರ್ವಜರು. ಅವರಷ್ಟೂ ಜನ ಬದುಕಿದ ಕಾಲ ಈ ಒಂದು ಕಾಂಪೌಂಡಿನೊಳಗೆ ಅಡಕವಾಗಿದೆ.

ಒಳಗಿರುವ ಪುಟಗಳ ಸಂಖ್ಯೆ 34 ಕೋಟಿ. ಕಡತ, ನಕ್ಷೆ, ಒಪ್ಪಂದ, ಗೆಜೆಟ್, ಖಾಸಗಿ ಪತ್ರ, ಸರ್ಕಾರ ನಿಷೇಧಿಸಿದ ಪುಸ್ತಕ, ಭೂರ್ಜಪತ್ರದ ಹಸ್ತಪ್ರತಿ ಎಲ್ಲವೂ ಸೇರಿ.

34 ಕೋಟಿ ಎಂಬುದು ಬಾಯಲ್ಲಿ ಹೇಳಿಬಿಡುವ ಸಂಖ್ಯೆ, ಮನಸ್ಸಿಗೆ ಇಳಿಯುವುದಿಲ್ಲ. ಹೀಗೆ ಯೋಚಿಸಿ. ಒಬ್ಬ ಓದುಗ ನಿಮಿಷಕ್ಕೆ ಒಂದು ಪುಟದಂತೆ, ದಿನಕ್ಕೆ ಎಂಟು ಗಂಟೆ, ವರ್ಷದ 365 ದಿನವೂ ರಜೆಯಿಲ್ಲದೆ ಓದುತ್ತಾನೆ ಎಂದುಕೊಳ್ಳೋಣ. ಮುಗಿಸಲು ಅವನಿಗೆ 1,940 ವರ್ಷ ಬೇಕು. ಹಲ್ಮಿಡಿ ಶಾಸನವನ್ನು ಕಲ್ಲಿನಲ್ಲಿ ಕೆತ್ತಿದ ದಿನ, ಅಂದರೆ ಸುಮಾರು ಕ್ರಿ.ಶ. 450ರಲ್ಲಿ, ಅವನು ಓದಲು ಕುಳಿತಿದ್ದರೂ ಇಂದಿಗೆ ಇನ್ನೂ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದ ಓದು ಬಾಕಿ ಇರುತ್ತಿತ್ತು. ಎರಡೂ ಬದಿ ಬರೆದ ಹಾಳೆ ಎಂದು ಹಿಡಿದರೂ 17 ಕೋಟಿ ಹಾಳೆ. ಇಂದಿನ ತೆಳು ಕಾಗದದ ಲೆಕ್ಕದಲ್ಲೇ ಒಂದರ ಮೇಲೊಂದು ಪೇರಿಸಿದರೆ 17 ಕಿಲೋಮೀಟರ್ ಎತ್ತರ, ಎವರೆಸ್ಟಿನ ಸುಮಾರು ಎರಡರಷ್ಟು. ಫುಲ್‌ಸ್ಕೇಪ್ ಹಾಳೆಗಳನ್ನು ಉದ್ದಕ್ಕೆ ಒಂದರ ತಲೆಗೊಂದು ಜೋಡಿಸುತ್ತ ಹೋದರೆ ಭೂಮಿಗೆ ಒಂದು ಸುತ್ತು ಹಾಕಿಯೂ ಹಾಳೆ ಮಿಗುತ್ತದೆ.

ಈ ರಾಶಿಯನ್ನೆಲ್ಲ ಎರಡು ವರ್ಷದಲ್ಲಿ ಸ್ಕ್ಯಾನ್ ಮಾಡಿ ಮುಗಿಸುವ ಗುರಿಯನ್ನು ಪತ್ರಾಗಾರ ಹಾಕಿಕೊಂಡಿತ್ತು. ಭಾಗಿಸಿ ನೋಡಿ: ಭಾನುವಾರವೂ ಸೇರಿ ದಿನಕ್ಕೆ 4 ಲಕ್ಷ 65 ಸಾವಿರ ಪುಟ. ಹಗಲೂ ರಾತ್ರಿ ಯಂತ್ರ ನಿಲ್ಲದೆ ಓಡಿದರೆ ಸೆಕೆಂಡಿಗೆ ಐದು ಪುಟ. ಅದೂ ಎಂಥ ಪುಟ? ಅಂಚು ಮುಟ್ಟಿದರೆ ಅಪ್ಪಳದ ಹಾಗೆ ಮುರಿಯುವ ಹಾಳೆಗಳು. ಅಂಥವನ್ನು ಅಸಿಟೇಟ್ ಪೊರೆ ಮತ್ತು ತೆಳು ಕಾಗದದ ನಡುವೆ ಇಟ್ಟು, ಅಸಿಟೋನ್ ಒರೆಸಿ, ಒಂದೊಂದನ್ನೇ ಕೈಯಲ್ಲಿ ಗಟ್ಟಿ ಮಾಡುವ ವಿಧಾನ ರೂಪುಗೊಂಡದ್ದೂ ಇದೇ ಸಂಸ್ಥೆಯಲ್ಲಿ. ಸಂಸ್ಥೆ 2015ರಲ್ಲಿ ತೆರೆದ ‘ಅಭಿಲೇಖ್ ಪಟಲ್’ ಎಂಬ ಜಾಲತಾಣದಲ್ಲಿ ಸ್ಕ್ಯಾನ್ ಆದ ಪುಟಗಳನ್ನು ಊರಲ್ಲಿ ಕುಳಿತೇ ನೋಡಬಹುದು. ತುರುವೇಕೆರೆಯ ಹುಡುಗಿಯೊಬ್ಬಳು ಮೊಬೈಲಿನಲ್ಲೇ 1860ರ ಪತ್ರ ಓದಬಹುದಾದ ಕಾಲ ಇದು.

ಇನ್ನು ಅದೇ ಸಂಖ್ಯೆಯನ್ನು ತಿರುಗಿಸಿ ಹಿಡಿಯಿರಿ. ಇವತ್ತು ದೇಶದಲ್ಲಿ ಬದುಕಿರುವವರೇ 140 ಕೋಟಿಗೂ ಹೆಚ್ಚು. 34 ಕೋಟಿ ಪುಟವನ್ನು ಇವರಿಗೆ ಹಂಚಿದರೆ ನಾಲ್ಕು ಜನರ ಸಂಸಾರಕ್ಕೆ ಒಂದು ಪುಟವೂ ಪೂರ್ತಿ ಬರುವುದಿಲ್ಲ. ಈ ಹನ್ನೊಂದು ತಲೆಮಾರಿನಲ್ಲಿ ಹುಟ್ಟಿ ಸತ್ತವರನ್ನೂ ಸೇರಿಸಿದರೆ ತಲೆಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಭೂಮಿಯನ್ನು ಸುತ್ತಿ ಬರುವಷ್ಟು ಕಾಗದ, ಆದರೆ ಒಬ್ಬ ಮನುಷ್ಯನಿಗೆ ಒಂದೆರಡು ಸಾಲು. ಪತ್ರಾಗಾರದಲ್ಲಿ ಮನೆತನ ಹುಡುಕುವುದೆಂದರೆ ಆ ಒಂದೆರಡು ಸಾಲನ್ನು ಹುಡುಕುವುದು.

ಸರ್ಕಾರದ ಕಣ್ಣಿಗೆ ಬಿದ್ದವರು

ಆ ಸಾಲು ಯಾರಿಗೆ ಸಿಕ್ಕಿತು? ರಾಜರಿಗೆ, ದಿವಾನರಿಗೆ ಸಿಕ್ಕಿದ್ದು ಸಹಜ. ಸಾಮಾನ್ಯರಿಗೆ ಸಿಕ್ಕಿದ್ದು ಸರ್ಕಾರಕ್ಕೆ ಅವರಿಂದ ಏನಾದರೂ ಬೇಕಾದಾಗ: ಕಂದಾಯ, ಜಮೀನು, ಕೂಲಿ, ಸೈನಿಕ, ಸಾಕ್ಷಿ. ದೆಹಲಿ ಮತ್ತು ಸುತ್ತಲಿನ ಸೀಮೆಯಲ್ಲಿ ಇದು ಅಂಗೈ ನೆಲ್ಲಿಯಂತೆ ಕಾಣುತ್ತದೆ.

1857ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದೆಹಲಿ ದಂಗೆಯ ಸಿಪಾಯಿಗಳ ಕೈಯಲ್ಲಿತ್ತು. ಆ ನಾಲ್ಕು ತಿಂಗಳಲ್ಲಿ ಊರೊಳಗೆ ಹುಟ್ಟಿದ ಉರ್ದು, ಪಾರಸಿ ಕಾಗದಗಳನ್ನು ಬ್ರಿಟಿಷರು ಮೊಗಲ್ ಅರಸ ಬಹದ್ದೂರ್ ಷಾನ ವಿಚಾರಣೆಗೆ ಸಾಕ್ಷ್ಯವಾಗಿ ಬಾಚಿಟ್ಟುಕೊಂಡರು. ‘ಮ್ಯುಟಿನಿ ಪೇಪರ್ಸ್’ ಎಂಬ ಹೆಸರಿನಲ್ಲಿ ಅವು ಜನಪಥದಲ್ಲಿವೆ. ಇತಿಹಾಸಕಾರ ವಿಲಿಯಂ ಡಾಲ್ರಿಂಪಲ್ 2006ರ ತಮ್ಮ ಪುಸ್ತಕಕ್ಕಾಗಿ ತೆರೆದು ನೋಡಿದಾಗ ಸುಮಾರು 20,000 ದಾಖಲೆಗಳ ಆ ರಾಶಿಯಲ್ಲಿ ಹೆಚ್ಚಿನವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಮಹಮೂದ್ ಫಾರೂಕಿ ಅವುಗಳಿಂದ ಆಯ್ದು ಅನುವಾದಿಸಿದ ಪುಸ್ತಕ 2010ರಲ್ಲಿ ಬಂತು. ಕುಂಬಾರರು, ಕೂಲಿಗಳು, ನೀರು ಹೊರುವವರು, ಅಂಗಡಿ ಲೂಟಿಯಾದವರು, ಠಾಣೆಯ ಪೊಲೀಸರು ಅಲ್ಲಿ ಮಾತಾಡುತ್ತಾರೆ. ಅರಸನನ್ನು ಅಪರಾಧಿ ಮಾಡಲು ಕೂಡಿಟ್ಟ ಕಾಗದ ಬೀದಿಯ ಜನರ ಹೆಸರನ್ನು ಉಳಿಸಿತು.

ಕಡಲಾಚೆಗೆ ಹೋದವರದು ಇನ್ನೊಂದು ಕಥೆ. 1834ರ ನಂತರ ಸುಮಾರು ಎಂಟು ದಶಕಗಳಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಭಾರತೀಯರು ಗಿರ್ಮಿಟ್ ಕರಾರಿನ ಮೇಲೆ ಕಬ್ಬಿನ ತೋಟಗಳಿಗೆ ಹಡಗು ಹತ್ತಿದರು. ಸುರಿನಾಮ್‌ಗೆ 1873ರಿಂದ 1916ರವರೆಗೆ 64 ಹಡಗು ಯಾನಗಳಲ್ಲಿ ಹೋದವರು 34,304 ಜನ. ಫಿಜಿಗೆ 1879ರಿಂದ 1916ರವರೆಗೆ 87 ಯಾನಗಳಲ್ಲಿ ಹೋದವರು 60,965. ಈ ಸಂಖ್ಯೆ ಕೊನೆಯ ಅಂಕಿಯವರೆಗೆ ನಮಗೆ ಗೊತ್ತಿರುವುದು ಒಬ್ಬೊಬ್ಬರಿಗೂ ಒಂದೊಂದು ಚೀಟಿ ಇದ್ದುದರಿಂದ.

ಆ ಚೀಟಿಯನ್ನು, ಎಮಿಗ್ರೇಷನ್ ಪಾಸನ್ನು, ಒಮ್ಮೆ ಹತ್ತಿರದಿಂದ ನೋಡಬೇಕು. ಒಂದು ಮುದ್ರಿತ ನಮೂನೆ. ಮೇಲೆ ಹಡಗಿನ ಹೆಸರು, ಕ್ರಮಸಂಖ್ಯೆ. ಕೆಳಗೆ ಶಾಯಿಯಲ್ಲಿ ತುಂಬಿದ ಖಾನೆಗಳು: ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಹತ್ತಿರದ ಸಂಬಂಧಿ ಯಾರು, ಮದುವೆಯಾಗಿದ್ದರೆ ಯಾರೊಂದಿಗೆ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ ಎಷ್ಟು ಅಡಿ ಎಷ್ಟು ಇಂಚು, ಮೈಮೇಲಿನ ಗುರುತು. ಹಣೆಯ ಮೇಲಿನ ಗಾಯ, ಎಡ ಮೊಣಕಾಲಿನ ಕಲೆ. ತೋಟದ ಮಾಲೀಕನಿಂದ ಓಡಿಹೋದರೆ ಹಿಡಿಯಲಿಕ್ಕೆಂದು ಬರೆದುಕೊಂಡದ್ದು. ನೂರು ವರ್ಷದ ನಂತರ ಮರಿಮಗ ಅದೇ ಖಾನೆಗಳನ್ನು ಓದಿ ತನ್ನ ಮುತ್ತಜ್ಜನ ಹಳ್ಳಿ ಹುಡುಕಿಕೊಂಡು ದೆಹಲಿಯಲ್ಲಿ ವಿಮಾನ ಇಳಿಯುತ್ತಾನೆ. ಕಳೆದುಹೋದವರ ಮೊಮ್ಮಕ್ಕಳು ಹೀಗೆ ಬರುವುದು ಎಷ್ಟಾಯಿತೆಂದರೆ, ಬೇರು ಹುಡುಕಿಕೊಡಲು ಕೇಂದ್ರ ಸರ್ಕಾರವೇ 2008ರಲ್ಲಿ ಒಂದು ಯೋಜನೆ ಮಾಡಬೇಕಾಯಿತು.

ಯುದ್ಧಕ್ಕೆ ಹೋದವರ ಲೆಕ್ಕ ಕಲ್ಲಿನ ಮೇಲೂ ಇದೆ. ಪತ್ರಾಗಾರದಿಂದ ನಡೆದು ಹೋಗುವಷ್ಟು ದೂರದಲ್ಲಿ ಇಂಡಿಯಾ ಗೇಟ್. 1921ರಲ್ಲಿ ಅಡಿಗಲ್ಲು, 1931ರಲ್ಲಿ ಉದ್ಘಾಟನೆ. ಮೊದಲ ಮಹಾಯುದ್ಧದಲ್ಲಿ ಹೊರದೇಶಗಳಿಗೆ ಹೋದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು, ಸತ್ತವರು 70,000ಕ್ಕೂ ಹೆಚ್ಚು. ಗೇಟಿನ ಕಲ್ಲಿನಲ್ಲಿ ಕೆತ್ತಿರುವ ಹೆಸರು ಸುಮಾರು 13,000. ಪಕ್ಕದಲ್ಲೇ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವತಂತ್ರ ಭಾರತಕ್ಕಾಗಿ ಮಡಿದ 25,942 ಸೈನಿಕರ ಹೆಸರುಗಳನ್ನು ಉದ್ಘಾಟನೆಯ ಹೊತ್ತಿಗೇ ಗೋಡೆಯ ಮೇಲೆ ಬರೆಯಲಾಗಿತ್ತು. ಗಡಿಯಾಚೆ ಲಾಹೋರ್ ಮ್ಯೂಸಿಯಂನಲ್ಲಿ 26,000 ಪುಟಗಳ ರಿಜಿಸ್ಟರುಗಳು ಸುಮಾರು ನೂರು ವರ್ಷ ಸುಮ್ಮನೆ ಬಿದ್ದಿದ್ದವು. ಆಗಿನ ಪಂಜಾಬಿನ 3,20,000 ಸೈನಿಕರ ವಿವರ ಅವುಗಳಲ್ಲಿತ್ತು, ಹಳ್ಳಿ ಹಳ್ಳಿಯ ಲೆಕ್ಕದಲ್ಲಿ. 2021ರಲ್ಲಿ ಅವುಗಳ ಮೊದಲ ಕಂತು ಎಲ್ಲರಿಗೂ ತೆರೆಯಿತು. ಆ ‘ಆಗಿನ ಪಂಜಾಬ್’ ಎಂಬುದರಲ್ಲಿ ಇಂದಿನ ಗುರುಗ್ರಾಮ, ರೋಹ್ತಕ್ ಎಲ್ಲವೂ ಸೇರಿದ್ದವು.

ನಮ್ಮವರೂ ಇಲ್ಲಿದ್ದಾರೆ. ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರು ಲ್ಯಾನ್ಸರ್. ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದುಕೊಂಡ ಕುದುರೆ ಸವಾರರಲ್ಲಿ ಮೈಸೂರಿನವರಿದ್ದರು. ದೆಹಲಿಗೆ ಬಂದ ಕನ್ನಡಿಗರು ಈ ವೃತ್ತವನ್ನು ಬಸ್ಸಿನಲ್ಲಿ ನೂರು ಸಲ ಸುತ್ತುತ್ತಾರೆ. ಒಮ್ಮೆ ಇಳಿದು ನೋಡಿದರೆ ನಮ್ಮ ಮಂಡ್ಯ, ಮೈಸೂರು ಕಡೆಯ ಯಾವುದೋ ಮನೆಯ ಮುತ್ತಜ್ಜ ಅಲ್ಲಿ ಈಟಿ ಹಿಡಿದು ನಿಂತಂತೆ ಕಾಣುತ್ತದೆ.

ರಾಜಧಾನಿಯ ಅಡಿಯಲ್ಲಿ ಹಳ್ಳಿ

ಪತ್ರಾಗಾರ ನಿಂತಿರುವ ನೆಲಕ್ಕೇ ಒಂದು ಮನೆತನದ ಕಥೆ ಇದೆ. 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ರಾಜಧಾನಿ ಬದಲಿಸುವ ಘೋಷಣೆಯಾಯಿತು. ಅದರ ಬೆನ್ನಿಗೇ ಜಮೀನು ಸ್ವಾಧೀನದ ಪ್ರಕಟಣೆ ಬಂತು. ರೈಸಿನಾ, ಮಾಲ್ಚಾ ಎಂಬ ಹಳ್ಳಿಗಳ ರೈತರು ಎದ್ದು ಹೋದರು. ರೈಸಿನಾ ಹೆಸರು ರಾಷ್ಟ್ರಪತಿ ಭವನದ ಗುಡ್ಡಕ್ಕೆ ಉಳಿಯಿತು, ಮಾಲ್ಚಾ ಹೆಸರು ಸಿರಿವಂತರ ಬಡಾವಣೆಯ ಒಂದು ರಸ್ತೆಗೆ. ಮಾಲ್ಚಾದಿಂದ ಹೊರಟವರಲ್ಲಿ ಕೆಲವರು ಸೋನಿಪತ್ ಕಡೆಯ ಹರ್ಸಾನಾದಲ್ಲಿ ನೆಲೆ ನಿಂತರು. ಅಲ್ಲಿ ಅವರ ಭಾಗಕ್ಕೆ ಇಂದಿಗೂ ಮಾಲ್ಚಾ ಎಂದೇ ಹೆಸರು. ನೂರು ವರ್ಷ ಕಳೆದ ಮೇಲೆ ಅವರ ವಂಶದವರು ಹಳೆಯ ಸ್ವಾಧೀನ ದಾಖಲೆಗಳನ್ನು ತೆಗೆಸಿ ಪರಿಹಾರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಪಾಲಿಗೆ ಆ ಹಳೆಯ ಹಾಳೆಯೇ ಅಜ್ಜನ ಹೊಲ.

ಇಂದಿನ ಗುರುಗ್ರಾಮದ ಗಾಜಿನ ಗೋಪುರಗಳ ಅಡಿಯಲ್ಲೂ ಹೊಲಗಳಿದ್ದವು. ಆ ಸೀಮೆಯ ಕಂದಾಯ ದಾಖಲೆಗಳಲ್ಲಿ ‘ಶಜ್ರಾ ನಸಬ್’ ಎಂಬುದೊಂದಿದೆ. ಪಟವಾರಿ ಬರೆದಿಟ್ಟ, ಹೊಲದ ಒಡೆಯರ ವಂಶವೃಕ್ಷ. ಮೂಲಪುರುಷನಿಂದ ಹಿಡಿದು ಕೊಂಬೆ ಕೊಂಬೆಯಾಗಿ ಮಗ, ಮೊಮ್ಮಗ, ಮರಿಮಗ. ಹಳ್ಳಿಗೆ ಹಳ್ಳಿಯೇ ಒಂದು ಹಾಳೆಯ ಮೇಲೆ ಮರದಂತೆ ಹರಡಿಕೊಳ್ಳುತ್ತದೆ.

ಆಮೇಲೆ 1947. ದೆಹಲಿಯ ಜನಸಂಖ್ಯೆ 1941ರ ಗಣತಿಯಲ್ಲಿ 9 ಲಕ್ಷ 18 ಸಾವಿರ. 1951ರಲ್ಲಿ 17 ಲಕ್ಷ 44 ಸಾವಿರ. ಹತ್ತು ವರ್ಷದಲ್ಲಿ ಊರು ಸುಮಾರು ಎರಡರಷ್ಟಾಯಿತು. ಹೊಸದಾಗಿ ಬಂದವರಲ್ಲಿ ಐದು ಲಕ್ಷದಷ್ಟು ಜನ ವಿಭಜನೆಯಲ್ಲಿ ಮನೆ ಕಳೆದುಕೊಂಡವರು. ಲಾಹೋರಿನಲ್ಲಿ, ಮುಲ್ತಾನಿನಲ್ಲಿ ಬಿಟ್ಟುಬಂದ ಮನೆ, ಅಂಗಡಿ, ಬಾವಿ, ತೋಟದ ವಿವರವನ್ನು ಅವರು ಸರ್ಕಾರದ ಮುಂದೆ ಕ್ಲೇಮ್ ಅರ್ಜಿಯಲ್ಲಿ ಬರೆದುಕೊಟ್ಟರು. ಎಷ್ಟೋ ಪಂಜಾಬಿ ಕುಟುಂಬಗಳಿಗೆ ಅಜ್ಜನ ಮನೆಗೆ ಎಷ್ಟು ಕೋಣೆ ಇದ್ದವು ಎಂದು ಹೇಳಬಲ್ಲದ್ದು ಆ ಅರ್ಜಿಯೊಂದೇ.

ಎಣಿಸಿದರು, ಹೆಸರು ಉಳಿಸಲಿಲ್ಲ

ಇಷ್ಟೆಲ್ಲ ಇದ್ದೂ ನಮ್ಮ ದಾಖಲೆಯಲ್ಲಿ ಒಂದು ದೊಡ್ಡ ಬಾವಿಯಂಥ ಖಾಲಿ ಜಾಗ ಇದೆ. 1881ರಲ್ಲಿ ದೇಶದಾದ್ಯಂತ ಒಂದೇ ಸಲಕ್ಕೆ ಜನಗಣತಿ ನಡೆಯಿತು, 25 ಕೋಟಿ ಜನರ ಲೆಕ್ಕ ಸಿಕ್ಕಿತು. ಆದರೆ ಗಣತಿದಾರರು ಮನೆ ಮನೆಗೆ ಹೋಗಿ ಬರೆದುಕೊಂಡ ಪಟ್ಟಿಗಳನ್ನು ಒಟ್ಟು ಸಂಖ್ಯೆ ತೆಗೆದ ಮೇಲೆ ಉಳಿಸಿಕೊಂಡು ಬರಲಿಲ್ಲ. ಇಂದಿನ ಗಣತಿಯ ಮನೆ ಪಟ್ಟಿಗಳನ್ನು 1948ರ ಜನಗಣತಿ ಕಾಯ್ದೆ ಗುಟ್ಟಾಗಿಡುತ್ತದೆ. ಅಮೆರಿಕದಲ್ಲಿ 72 ವರ್ಷವಾದ ಗಣತಿಯನ್ನು ಹೆಸರು ಸಮೇತ ಎಲ್ಲರಿಗೂ ತೆರೆಯುತ್ತಾರೆ; 1950ರ ಗಣತಿಯ 15 ಕೋಟಿ ಜನರ ಸಾಲುಗಳು 2022ರ ಏಪ್ರಿಲ್ 1ರಂದು ಒಮ್ಮೆಲೇ ಬೆಳಕಿಗೆ ಬಂದವು. ನಮ್ಮಲ್ಲಿ ಹಾಗಿಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಜನರನ್ನು ಎಣಿಸಿದ ದೇಶಗಳಲ್ಲಿ ಒಂದಾದ ನಮ್ಮದರಲ್ಲಿ, ಎಣಿಸಿದವರ ಹೆಸರು ಮೊಮ್ಮಕ್ಕಳಿಗೆ ಸಿಗುವುದಿಲ್ಲ.

ಎರಡನೆಯ ಖಾಲಿ ಜಾಗ ಹೆಂಗಸರದು. ಶಜ್ರಾ ನಸಬ್‌ನ ಹಳೆಯ ಹಾಳೆಗಳಲ್ಲಿ ಮಗಳ ಕೊಂಬೆ ಇರಲಿಲ್ಲ. ಸೈನ್ಯದ ಪಟ್ಟಿಯಲ್ಲಿ ತಂದೆಯ ಹೆಸರು, ತಾಯಿಯದಲ್ಲ. ಹೊಲದ ಪತ್ರದಲ್ಲಿ ‘ಇಂಥವನ ವಿಧವೆ’. ತರ್ಪಣದಲ್ಲಿ ಬಿಟ್ಟುಹೋದ ಅದೇ ಅಜ್ಜಿಯ ತವರು ಸರ್ಕಾರದ ಕಾಗದದಲ್ಲೂ ಬಿಟ್ಟುಹೋಗಿದೆ. ವಿಚಿತ್ರವೆಂದರೆ ಹೆಣ್ಣಿಗೆ ತನ್ನದೇ ಹೆಸರು, ಹಳ್ಳಿ, ಎತ್ತರ, ಗುರುತು ಎಲ್ಲ ಇರುವ ಪ್ರತ್ಯೇಕ ಚೀಟಿ ಸಿಕ್ಕಿದ್ದು ಗಿರ್ಮಿಟ್ ಹಡಗು ಹತ್ತಿದಾಗ. ಮನೆಯಲ್ಲಿ ಉಳಿದವಳಿಗೆ ಅದೂ ಇಲ್ಲ.

ಕನ್ನಡಿಗನ ಕಾಗದ ಎಲ್ಲೆಲ್ಲಿ

ಕನ್ನಡಿಗರು ಹುಡುಕಲು ಹೊರಟರೆ ಒಂದೇ ಬಾಗಿಲು ತಟ್ಟಿದರೆ ಸಾಲದು. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ನಾಡು ಹರಿದು ಹಂಚಿಹೋಗಿತ್ತು, ಕಾಗದವೂ ಹಾಗೇ ಹಂಚಿಹೋಗಿದೆ. ಹಳೇ ಮೈಸೂರಿನವರ ದಾಖಲೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರು ಮುಂಬೈಯತ್ತ ನೋಡಬೇಕು. ಮಂಗಳೂರು, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲದವರ ಹಳೆಯ ಸರ್ಕಾರ ಮದ್ರಾಸಿನದು. ರಾಯಚೂರು, ಕಲಬುರಗಿ, ಬೀದರಿನವರದು ನಿಜಾಮನ ಹೈದರಾಬಾದ್. ಬ್ರಿಟಿಷ್ ರೆಸಿಡೆಂಟರು ಮೈಸೂರಿನ ಬಗ್ಗೆ, ಕೊಡಗಿನ ಬಗ್ಗೆ ಬರೆದದ್ದರಲ್ಲಿ ಬಹುಪಾಲು ಜನಪಥಕ್ಕೆ ಬಂದಿದೆ. ಔರಂಗಜೇಬನ ಕಾಲದಿಂದ ದಖ್ಖನಿನಲ್ಲಿ ನಡೆದ ಮೊಗಲ್ ಆಡಳಿತದ ಲಕ್ಷಕ್ಕೂ ಹೆಚ್ಚು ಪಾರಸಿ ಕಾಗದಗಳು ‘ಇನಾಯತ್ ಜಂಗ್ ಸಂಗ್ರಹ’ ಎಂಬ ಹೆಸರಿನಲ್ಲಿ ಅಲ್ಲೇ ಇವೆ. ಸ್ವಾತಂತ್ರ್ಯ ಹೋರಾಟದಲ್ಲಿ ಮಡಿದವರ ಐದು ಸಂಪುಟಗಳ ಕೋಶ 2019ರಲ್ಲಿ ದೆಹಲಿಯಲ್ಲಿ ಬಿಡುಗಡೆಯಾಯಿತು. ಕರ್ನಾಟಕವೂ ಸೇರಿದ ದಕ್ಷಿಣದ ಸಂಪುಟದಲ್ಲಿ 1,450ಕ್ಕೂ ಹೆಚ್ಚು ಹೆಸರುಗಳಿವೆ. ನಿಮ್ಮ ಊರಿನ ಹೆಸರು ಅಲ್ಲಿದೆಯೇ ಎಂದು ಒಮ್ಮೆ ನೋಡಿ.

ನಮಗೆ ದಾಖಲೆಯ ಅಭ್ಯಾಸ ಹೊಸದೇನೂ ಅಲ್ಲ. ಇವತ್ತು ಆಫೀಸಿನ ಫೈಲಿಗೆ ನಾವು ಹೇಳುವ ‘ಕಡತ’ ಎಂಬ ಮಾತೇ ಸಾಕ್ಷಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆದಿಡುತ್ತಿದ್ದ ಕಪ್ಪು ಪುಸ್ತಕ ಅದು. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ದನ ಕಾಯಲು ಹೋಗಿ ಸತ್ತವನ ವೀರಗಲ್ಲು ಕೂಡ ಅಪ್ಪನ ಹೆಸರು, ಮಗನ ಹೆಸರು ಹೇಳುತ್ತದೆ. ಬ್ರಿಟಿಷ್ ಸರ್ವೇಯರ್ ಕರ್ನಲ್ ಮೆಕೆಂಜಿ ತನ್ನ ಸಹಾಯಕರನ್ನು ಊರೂರಿಗೆ ಕಳಿಸಿ ಬರೆಸಿದ ಕೈಫಿಯತ್ತುಗಳಲ್ಲಿ, ಅಂದರೆ ಊರ ವೃತ್ತಾಂತಗಳಲ್ಲಿ, ಹಳ್ಳಿಯ ಗೌಡ, ಶಾನುಭೋಗರ ಮನೆತನಗಳಿವೆ; ಅವನು ಕೂಡಿಹಾಕಿದ ಶಾಸನಗಳ ಪ್ರತಿಗಳೇ 8,076. ಇನ್ನು ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಹೆಳವರು. ಸುಗ್ಗಿಯ ನಂತರ ಒಕ್ಕಲು ಮನೆಗಳ ಮುಂದೆ ನಿಂತು, ಆ ಮನೆಯವರೇ ಮರೆತ ಹಿರಿಯರ ಹೆಸರನ್ನು ಸರಮಾಲೆಯಂತೆ ಹೇಳಿ, ದವಸ ಇಸಿದುಕೊಂಡು, ಹೊಸದಾಗಿ ಹುಟ್ಟಿದ ಮಗುವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾರೆ. ದೆಹಲಿಯಿಂದ ಸುಮಾರು 200 ಕಿಲೋಮೀಟರ್ ದೂರದ ಹರಿದ್ವಾರದಲ್ಲಿ ಪಂಡಾಗಳ, ಅಂದರೆ ಕ್ಷೇತ್ರದ ಪುರೋಹಿತರ, ಬಹಿ ಪುಸ್ತಕಗಳು ಮಾಡುವುದೂ ಇದೇ ಕೆಲಸ. ಆ ಬಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯೊಂದು ಮೈಕ್ರೋಫಿಲ್ಮ್ ಮಾಡಿಕೊಂಡು ಹೋಗಿದೆ. ನಮ್ಮ ಹೆಳವರ ಪುಸ್ತಕಗಳಿಗೂ ಅಂಥ ರಕ್ಷಣೆ ಸಿಗಬೇಕು. ಇದನ್ನು ನಮ್ಮ ವಿಶ್ವವಿದ್ಯಾಲಯಗಳೇ ಮಾಡಬೇಕು, ಬೇಗ ಮಾಡಬೇಕು.

ತಂಬಿಗೆಯ ಮೇಲಿನ ಹೆಸರು

ನನ್ನ 14 ಹೆಸರಿನ ಪಟ್ಟಿ ಹದಿಮೂರಕ್ಕೆ ನಿಂತಿತ್ತು. ಉಳಿದದ್ದು ಅಪ್ಪನ ತಾಯಿಯ ತಾಯಿ. ಜನಪಥದ ಓದುಕೋಣೆಯಿಂದ ಹೊರಬಂದ ಒಂದು ಸಂಜೆ ಊರಿಗೆ ಫೋನ್ ಮಾಡಿ ಸೋದರತ್ತೆಯನ್ನು ಕೇಳಿದೆ.

“ಅತ್ತೆ, ಅಜ್ಜಿಯ ಅಮ್ಮನ ಹೆಸರೇನು?”

“ಅಯ್ಯೋ, ಎಲ್ರೂ ಅವರನ್ನ ದೊಡ್ಡಮ್ಮ ಅಂತಾನೇ ಕರೀತಿದ್ರು ಕಣೋ. ಹೆಸರು ಹಿಡಿದು ಕರೆಯೋರು ಯಾರಿದ್ರು?”

ಎಲ್ಲರೂ ಪ್ರೀತಿಯಿಂದ ದೊಡ್ಡಮ್ಮ ಎಂದು ಕರೆದು ಕರೆದು ಅವರ ಹೆಸರನ್ನೇ ಕಳೆದುಬಿಟ್ಟಿದ್ದೆವು. ಅವರು ಬದುಕಿದ್ದ ಕಾಲದ ಗಣತಿಗಳಲ್ಲಿ ಅವರನ್ನು ಎಣಿಸಿದ್ದರು, ಆ ಪಟ್ಟಿ ಉಳಿದಿಲ್ಲ. ಅವರ ಹೆಸರಿನಲ್ಲಿ ಹೊಲವಿರಲಿಲ್ಲ, ಪಿಂಚಣಿಯಿರಲಿಲ್ಲ, ಮೊಕದ್ದಮೆಯಿರಲಿಲ್ಲ. 34 ಕೋಟಿ ಪುಟದಲ್ಲಿ ಅವರಿಗೆ ಒಂದು ಸಾಲೂ ಇಲ್ಲ.

ಎಂಟು ದಿನ ಬಿಟ್ಟು ಅತ್ತೆಯೇ ಫೋನ್ ಮಾಡಿದರು. “ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆ ಕಣೋ. ತಂಬಿಗೆ ಕಂಠದ ಹತ್ರ ಬರೆಸಿದಾರೆ ನೋಡು” ಎಂದು ಫೋಟೋ ಕಳಿಸಿದರು. ಚುಕ್ಕಿ ಚುಕ್ಕಿಯಾಗಿ ಉಳಿಯಲ್ಲಿ ಕೊರೆದ ಕನ್ನಡ ಅಕ್ಷರ. ಒಂದು ಹೆಣ್ಣಿನ ಹೆಸರು, ಪಕ್ಕದಲ್ಲಿ ಅವರ ತವರೂರಿನ ಹೆಸರು, ಕೆಳಗೆ 1919. ಮದುವೆಗೆ ತವರಿನವರು ಕೊಟ್ಟ ಪಾತ್ರೆ. ಸರ್ಕಾರ ಬರೆದುಕೊಳ್ಳದ, ಮಂತ್ರದಲ್ಲಿ ಹೇಳದ ಹೆಸರನ್ನು ಊರಿನ ಕಂಚುಗಾರ ಲೋಹದ ಮೇಲೆ ಬರೆದಿಟ್ಟಿದ್ದ.

ಪತ್ರಾಗಾರಕ್ಕೆ ಹೋಗಿ, ಗುರುತಿನ ಚೀಟಿ ತೋರಿಸಿ ಹೆಸರು ನೋಂದಾಯಿಸಿ, ಚೀಟಿ ಬರೆದು ಕಡತ ತರಿಸಿಕೊಂಡು ಓದಿ. ಅದು ನಮ್ಮ ದುಡ್ಡಿನಲ್ಲಿ ನಡೆಯುವ ನಮ್ಮದೇ ಮನೆ. ಆದರೆ ಅದಕ್ಕೂ ಮೊದಲು ಮನೆಯ ಅಟ್ಟ ಹತ್ತಿ. ಪಾತ್ರೆಗಳ ಕಂಠ ನೋಡಿ, ಹಳೆಯ ಪಹಣಿ, ಮದುವೆಯ ಲಗ್ನಪತ್ರಿಕೆ, ಫೋಟೋಗಳ ಬೆನ್ನು ನೋಡಿ. ಎಂಬತ್ತು ದಾಟಿದ ಅಜ್ಜಿ ಮನೆಯಲ್ಲಿದ್ದರೆ ಈ ಭಾನುವಾರವೇ ಅವರ ಪಕ್ಕ ಕುಳಿತು ಅವರ ಅಮ್ಮನ ಹೆಸರು ಕೇಳಿ, ಅವರ ಅಜ್ಜಿಯ ಹೆಸರು ಕೇಳಿ, ತವರೂರು ಕೇಳಿ. 14 ಹೆಸರನ್ನು ಒಂದೇ ಹಾಳೆಯಲ್ಲಿ ಬರೆದು, ಕೆಳಗೆ ತಾರೀಖು ಹಾಕಿ, ಮಕ್ಕಳ ಕೈಗೆ ಕೊಡಿ. ಅಷ್ಟು ಬರೆಯಲು ಬೇಕಾಗುವುದು ಒಂದೇ ಒಂದು ಪುಟ.